ಗೋಡೆಯ ಮೇಲಿನ ಹತ್ತು ನೀಲಿ ಅಂಗಿಗಳು: ದಾವಣಗೆರೆಯ ಒಂದು ಜೆರ್ಸಿ ಅಂಗಡಿಯ ಬಗ್ಗೆ

ದಾವಣಗೆರೆಯ ಹಳೆಯ ಪೇಟೆಯಲ್ಲಿ, ಸೀರೆ ಅಂಗಡಿಗಳ ಸಾಲು ಮುಗಿದು ದಿನಸಿ ಮಂಡಿಗಳ ವಾಸನೆ ಆರಂಭವಾಗುವ ಒಂದು ಓಣಿಯಲ್ಲಿ, ಎದುರಿಗೆ ಎರಡು ಮೋಟಾರ್ ಸೈಕಲ್ ನಿಲ್ಲಿಸಿದರೆ ಬಾಗಿಲೇ ಕಾಣದಷ್ಟು ಕಿರಿದಾದ ಅಂಗಡಿಯೊಂದಿದೆ. ಆಟದ ತಂಡಗಳಿಗೆ ಜೆರ್ಸಿ ಹೊಲಿಸಿ, ಅವುಗಳ ಮೇಲೆ ಹೆಸರು ಮತ್ತು ಸಂಖ್ಯೆಗಳನ್ನು ಅಚ್ಚು ಹಾಕಿಕೊಡುವುದು ಅಲ್ಲಿನ ಕೆಲಸ. ತಪ್ಪುಗಳನ್ನೂ ಬರೆಯಬೇಕಾಗಿರುವುದರಿಂದ ಅಂಗಡಿಯ ಹೆಸರನ್ನು ಇಲ್ಲಿ ಹಾಕುತ್ತಿಲ್ಲ. ಹೈಸ್ಕೂಲ್ ಮೈದಾನದಲ್ಲಿ ಭಾನುವಾರ ಬೆಳಿಗ್ಗೆ ಚೆಂಡು ಒದೆಯುವ ಹುಡುಗರಲ್ಲಿ ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ. ಒಳಗೆ ಕಾಲಿಟ್ಟ ಕೂಡಲೇ ಬಲಗೋಡೆಯಲ್ಲಿ ಕ್ರಿಕೆಟ್ ಕಾಣುತ್ತದೆ, ಅದು ಸಹಜ. ವಿನಯ್ ಕುಮಾರ್ ಅವರನ್ನು ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂದು ಕರೆದ ಊರು ಇದು. ಎಡಗೋಡೆ ಮಾತ್ರ ಬೇರೆ. ಅಲ್ಲಿ ಮೇಲಿನಿಂದ ಕೆಳಕ್ಕೆ ಹತ್ತು ನೀಲಿ ಅಂಗಿಗಳು ತೂಗುತ್ತಿವೆ. ಪ್ರತಿಯೊಂದರ ಬೆನ್ನಿನ ಮೇಲೂ ಕನ್ನಡದಲ್ಲಿ ಒಂದು ಹೆಸರು, ಪಕ್ಕದಲ್ಲಿ ಸುಣ್ಣದ ಗೋಡೆಯ ಮೇಲೆಯೇ ಮಾರ್ಕರ್‌ನಿಂದ ಬರೆದ ಒಂದರಿಂದ ಹತ್ತರವರೆಗಿನ ಅಂಕಿ. ಬೆಂಗಳೂರು ಎಫ್‌ಸಿ ಎಂಬ ಫುಟ್‌ಬಾಲ್ ತಂಡದ ಇತಿಹಾಸದಲ್ಲಿ ಯಾರು ಅತಿ ಶ್ರೇಷ್ಠರು ಎಂಬುದಕ್ಕೆ ಅಂಗಡಿಯ ಮಾಲೀಕರು ಕೊಟ್ಟಿರುವ ಉತ್ತರ ಅದು.

ನಮ್ಮ ಬಡಾವಣೆಯ ಭಾನುವಾರದ ತಂಡಕ್ಕೆ ಹನ್ನೆರಡು ಅಂಗಿಗಳು ಬೇಕಾಗಿದ್ದವು. ನಮ್ಮಲ್ಲಿ ನಲವತ್ತು ದಾಟಿದವರೂ ಇದ್ದಾರೆ, ಕಾಲೇಜಿಗೆ ಹೋಗುವವರೂ ಇದ್ದಾರೆ. ಸ್ವಂತ ಹೆಸರಿನ ಬದಲು ಪ್ರತಿಯೊಬ್ಬರ ಬೆನ್ನಿನ ಮೇಲೂ ಬೆಂಗಳೂರು ಎಫ್‌ಸಿ ತಂಡದ ಒಬ್ಬ ಹಿರಿಯ ಆಟಗಾರನ ಹೆಸರು ಇರಬೇಕು ಮತ್ತು ಅದು ಕನ್ನಡ ಲಿಪಿಯಲ್ಲೇ ಇರಬೇಕು ಎಂದು ತೀರ್ಮಾನಿಸಿದ್ದೆವು. ಇದಕ್ಕಿಂತ ಮೊದಲು ನಾನು ಹೋಗಿದ್ದ ಎರಡು ಅಂಗಡಿಗಳಲ್ಲಿ, ಕನ್ನಡ ಅಕ್ಷರ ನಿಲ್ಲುವುದಿಲ್ಲ, ಇಂಗ್ಲಿಷ್ ಮಾಡಿಸಿಕೊಳ್ಳಿ ಎಂಬ ಉತ್ತರ ಸಿಕ್ಕಿತ್ತು. ಇಲ್ಲಿ ಮಾಲೀಕರು, ಶ್ರೇಷ್ಠತೆಯ ಕ್ರಮದಲ್ಲಿ ಬರೆದಿದ್ದ ನನ್ನ ಪಟ್ಟಿಯನ್ನು ಕೈಗೆ ತೆಗೆದುಕೊಂಡು, ಕನ್ನಡಕ ಏರಿಸಿ, ಅಳತೆ ಕೇಳುವ ಮೊದಲೇ ಕೇಳಿದ ಪ್ರಶ್ನೆ ಇದು: ‘ಜಾನ್ಸನ್‌ನ ಎರಡನೇ ಜಾಗಕ್ಕೆ ಯಾಕ್ರೀ ಬರೆದೀರಿ?’ ಹನ್ನೆರಡು ಅಂಗಿಗಳ ವ್ಯಾಪಾರಕ್ಕೆ ಒಂದೂವರೆ ಗಂಟೆ ಹಿಡಿಯಿತು. ಈ ಅಂಗಡಿಯ ಗುಣವೂ ಕೊರತೆಯೂ ಆ ಒಂದೂವರೆ ಗಂಟೆಯಲ್ಲೇ ತಿಳಿದುಬಂದದ್ದರಿಂದ, ಆ ಮಾತುಕತೆಯನ್ನು ಬಿಟ್ಟು ಬರೀ ಬಟ್ಟೆಯ ಬಗ್ಗೆ ಬರೆದರೆ ವಿಮರ್ಶೆ ಅರ್ಧವಾಗುತ್ತದೆ.

ಗೋಡೆಯ ಕ್ರಮ ಹೀಗಿತ್ತು. ಮೊದಲನೆಯ ಸ್ಥಾನದಲ್ಲಿ ಸುನಿಲ್ ಛೆಟ್ರಿ, ಎರಡನೆಯದರಲ್ಲಿ ಮಿಕು, ಮೂರನೆಯದರಲ್ಲಿ ಗುರ್‌ಪ್ರೀತ್ ಸಿಂಗ್ ಸಂಧು. ಅನಂತರ ಕ್ರಮವಾಗಿ ಡಿಮಾಸ್ ಡೆಲ್ಗಾಡೊ, ಉದಾಂತ ಸಿಂಗ್, ಹುವಾನನ್. ಏಳನೆಯ ಸ್ಥಾನದಲ್ಲಿ ಜಾನ್ ಜಾನ್ಸನ್. ಉಳಿದ ಮೂವರು ರಾಹುಲ್ ಭೇಕೆ, ಸಿ.ಕೆ. ವಿನೀತ್, ಎರಿಕ್ ಪಾರ್ಟಾಲು. ನನ್ನ ಪಟ್ಟಿಯಲ್ಲಿದ್ದ ಯೂಜೀನ್‌ಸನ್ ಲಿಂಗ್ಡೋ ಅವರ ಹೆಸರು ಗೋಡೆಯ ಮೇಲೆ ಎಲ್ಲಿಯೂ ಇರಲಿಲ್ಲ.

ಈ ಪಟ್ಟಿಯನ್ನು ಎರಡು ಸಲ ಓದಿದರೆ ಅದರ ಒಳಗುಟ್ಟು ಗೊತ್ತಾಗುತ್ತದೆ. ಮೊದಲ ಆರು ಜನರಲ್ಲಿ ಮಿಕು, ಗುರ್‌ಪ್ರೀತ್, ಡಿಮಾಸ್ ಈ ಮೂವರೂ ತಂಡಕ್ಕೆ ಬಂದದ್ದು 2017ರಲ್ಲಿ, ಅಂದರೆ ಬೆಂಗಳೂರು ಎಫ್‌ಸಿ ಐ-ಲೀಗ್ ಎಂಬ ರಾಷ್ಟ್ರೀಯ ಲೀಗ್ ಬಿಟ್ಟು ಇಂಡಿಯನ್ ಸೂಪರ್ ಲೀಗ್ ಸೇರಿದ ವರ್ಷ. ತಂಡ ಹುಟ್ಟಿದ್ದು 2013ರಲ್ಲಿ. ನಡುವಿನ ನಾಲ್ಕು ವರ್ಷಗಳಲ್ಲಿ ಅದು 2013–14 ಮತ್ತು 2015–16ರ ಐ-ಲೀಗ್ ಪ್ರಶಸ್ತಿಗಳನ್ನೂ, 2015 ಮತ್ತು 2017ರ ಫೆಡರೇಷನ್ ಕಪ್‌ಗಳನ್ನೂ ಗೆದ್ದು, 2016ರಲ್ಲಿ ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿಕೊಂಡಿತ್ತು. ದಾವಣಗೆರೆಯ ಹೆಚ್ಚಿನ ಮನೆಗಳಲ್ಲಿ ಈ ತಂಡದ ಆಟ ಟಿ.ವಿ.ಯಲ್ಲಿ ನೆಲೆಯೂರಿದ್ದು ಸೂಪರ್ ಲೀಗ್ ಬಂದ ಮೇಲೆಯೇ, ಆದ್ದರಿಂದ ಇಲ್ಲಿನ ನೆನಪೂ 2017ರಿಂದ ಶುರುವಾಗುತ್ತದೆ. ಮಾಲೀಕರೂ ಇದನ್ನು ಒಪ್ಪಿಕೊಂಡರು. ಅಂಗಡಿ ತೆರೆದು ಏಳು ವರ್ಷವಾಯಿತು, ಗಿರಾಕಿಗಳು ಕೇಳಿದ ಹೆಸರುಗಳೇ ಗೋಡೆ ಏರಿವೆ ಎಂದರು. ಒಬ್ಬ ವ್ಯಾಪಾರಿಯ ಮಾತಾಗಿ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಹೆಚ್ಚು ಮಾರಾಟವಾದ ಹೆಸರುಗಳು ಎಂದು ಬರೆಯದೆ ಶ್ರೇಷ್ಠ ಆಟಗಾರರು ಎಂದು ಬರೆದ ಮೇಲೆ ಆ ಗೋಡೆ ಮೊದಲ ನಾಲ್ಕು ವರ್ಷಗಳಿಗೂ ಲೆಕ್ಕ ಕೊಡಬೇಕಾಗುತ್ತದೆ.

ಛೆಟ್ರಿ ಅವರ ಸ್ಥಾನದ ಬಗ್ಗೆ ನಮ್ಮಿಬ್ಬರಲ್ಲಿ ಚರ್ಚೆಯೇ ನಡೆಯಲಿಲ್ಲ. ಮೊದಲ ಋತುವಿನಲ್ಲೇ ಐ-ಲೀಗ್‌ನಲ್ಲಿ 14 ಗೋಲು ಹೊಡೆದು ಹೊಸ ತಂಡವನ್ನು ಚಾಂಪಿಯನ್ ಮಾಡಿದ ನಾಯಕ, 2024ರ ಡಿಸೆಂಬರ್‌ನಲ್ಲಿ ನಲವತ್ತರ ವಯಸ್ಸಿನಲ್ಲಿ ಕಂಠೀರವ ಕ್ರೀಡಾಂಗಣದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಹ್ಯಾಟ್ರಿಕ್ ಹೊಡೆದರು. 2024ರ ಜೂನ್ 6ರಂದು ಕೋಲ್ಕತ್ತದಲ್ಲಿ 94 ಅಂತರರಾಷ್ಟ್ರೀಯ ಗೋಲುಗಳೊಂದಿಗೆ ಭಾರತ ತಂಡಕ್ಕೆ ವಿದಾಯ ಹೇಳಿದ್ದ ಅವರನ್ನು ಮರುವರ್ಷ ಮತ್ತೆ ಕರೆಯಬೇಕಾಯಿತು. ಕ್ಲಬ್ ಗೆದ್ದಿರುವ ಏಳು ದೊಡ್ಡ ಪ್ರಶಸ್ತಿಗಳ ಕಾಲದಲ್ಲೂ ತಂಡದಲ್ಲಿದ್ದ ಆಟಗಾರ ಅವರೊಬ್ಬರೇ. ಇದಿಷ್ಟೂ ಎಲ್ಲರಿಗೂ ಗೊತ್ತಿರುವ ವಿಷಯ. ನನ್ನ ಮನಸ್ಸಿನಲ್ಲಿ ಉಳಿದಿರುವುದು 2016ರ ಅಕ್ಟೋಬರ್‌ನ ಒಂದು ರಾತ್ರಿ. ಎಎಫ್‌ಸಿ ಕಪ್ ಸೆಮಿಫೈನಲ್‌ನ ಎರಡನೆಯ ಪಂದ್ಯ ಅದು. ಎದುರಾಳಿ ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್, ಹಿಂದಿನ ವರ್ಷದ ಚಾಂಪಿಯನ್. ಅಲ್ಲಿನ ಪಂದ್ಯ 1–1ರಲ್ಲಿ ಮುಗಿದಿತ್ತು. ಕಂಠೀರವದಲ್ಲಿ ಮೊದಲ ಗೋಲು ಅವರದೇ ಆಯಿತು. ದಾವಣಗೆರೆಯಿಂದ ರೈಲಿನಲ್ಲಿ ಹೋಗಿದ್ದ ನಾವು ಮೂವರು ಮಾತು ನಿಲ್ಲಿಸಿ ಕುಳಿತಿದ್ದೆವು. ವಿರಾಮಕ್ಕೆ ಮೊದಲು ಛೆಟ್ರಿ ಸಮ ಮಾಡಿದರು. ಅನಂತರ ಪೆನಾಲ್ಟಿ ಚೌಕದ ಹೊರಗಿನಿಂದ ಅವರು ಬಾರಿಸಿದ ಎರಡನೆಯ ಗೋಲಿಗೆ ಇಡೀ ಕ್ರೀಡಾಂಗಣ ಎದ್ದು ನಿಂತಿತು. ಮೂರನೆಯದನ್ನು ಹುವಾನನ್ ಸೇರಿಸಿದರು. ಪಕ್ಕದಲ್ಲಿ ಕುಳಿತಿದ್ದ, ಹೆಸರೇ ಗೊತ್ತಿಲ್ಲದ ಹಿರಿಯರೊಬ್ಬರು ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ನವೆಂಬರ್ 5ರಂದು ದೋಹಾದಲ್ಲಿ ನಡೆದ ಫೈನಲ್‌ನಲ್ಲಿ ಇರಾಕ್‌ನ ಏರ್‌ಫೋರ್ಸ್ ಕ್ಲಬ್ ಎದುರು 1–0 ಸೋತರೂ, ಈ ತಂಡದ ಇತಿಹಾಸದಲ್ಲಿ ಆ ಅಕ್ಟೋಬರ್ ರಾತ್ರಿಗಿಂತ ದೊಡ್ಡ ರಾತ್ರಿ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಮಾಲೀಕರ ಗೋಡೆ ಆ ರಾತ್ರಿಯ ತಂಡಕ್ಕೆ ಅನ್ಯಾಯ ಮಾಡುತ್ತದೆ ಎಂಬುದು ನನ್ನ ತಕರಾರು.

ಜಾನ್ ಜಾನ್ಸನ್ ಅವರಿಗೆ ಎರಡನೆಯ ಸ್ಥಾನ ಏಕೆ ಎಂಬ ಪ್ರಶ್ನೆಗೆ ನಾನು ಅಲ್ಲಿ ಕೊಟ್ಟ ಉತ್ತರವನ್ನೇ ಇಲ್ಲೂ ಬರೆಯುತ್ತೇನೆ. ಇಂಗ್ಲೆಂಡಿನ ಮಿಡಲ್ಸ್‌ಬ್ರೋದಲ್ಲಿ ಬೆಳೆದು, ನಾರ್ತಾಂಪ್ಟನ್ ಟೌನ್ ತಂಡದಲ್ಲಿ ಆಡುತ್ತಿದ್ದ ಈ ರಕ್ಷಣಾ ಆಟಗಾರ 2013ರಲ್ಲಿ ಬೆಂಗಳೂರಿಗೆ ಬಂದಾಗ ಇಲ್ಲಿ ತಂಡವೆಂದು ಹೇಳಿಕೊಳ್ಳಲು ಒಂದು ಹೆಸರು, ಒಂದು ಬಣ್ಣ ಬಿಟ್ಟರೆ ಏನೂ ಇರಲಿಲ್ಲ. ಅಶೋಕನಗರದ ಹಳೆಯ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಮೋಹನ್ ಬಾಗಾನ್ ವಿರುದ್ಧ 1–1ರ ಸಮಬಲದೊಂದಿಗೆ ಶುರುವಾದ ಆ ಋತು 2014ರ ಏಪ್ರಿಲ್‌ನಲ್ಲಿ, ಗೋವೆಯಲ್ಲಿ ಡೆಂಪೊ ತಂಡವನ್ನು 4–2ರಿಂದ ಸೋಲಿಸಿ ಚಾಂಪಿಯನ್ ಆಗುವವರೆಗೆ ಬಂತು. ಮೊದಲ ವರ್ಷವೇ ಲೀಗ್ ಗೆಲ್ಲುವ ತಂಡಕ್ಕೆ ಮುಂದೆ ಗೋಲು ಹೊಡೆಯುವವರು ಇದ್ದರೆ ಸಾಲದು. ಹಿಂದೆ ನಿಂತು, ಒಬ್ಬರಿಗೊಬ್ಬರು ಪರಿಚಯವಿಲ್ಲದ ಹತ್ತು ಜನರನ್ನು ಕೂಗಿ ಕರೆದು ಸಾಲಿನಲ್ಲಿ ನಿಲ್ಲಿಸುವವನೊಬ್ಬ ಬೇಕು, ಆ ಕೆಲಸವನ್ನು ಜಾನ್ಸನ್ ಐದು ಋತುಗಳ ಕಾಲ ಮಾಡಿದರು. ಎರಡು ಐ-ಲೀಗ್, ಎರಡು ಫೆಡರೇಷನ್ ಕಪ್ ಮತ್ತು 2018ರ ಸೂಪರ್ ಕಪ್ ಅವರ ಕಾಲದಲ್ಲಿ ಬಂದವು. ವಿದೇಶಿ ಆಟಗಾರರು ಒಂದೆರಡು ವರ್ಷಕ್ಕೇ ಊರು ಬದಲಿಸುವ ಭಾರತದ ಫುಟ್‌ಬಾಲ್‌ನಲ್ಲಿ ಇದು ಅಪರೂಪ. ಕಂಠೀರವದ ಪಶ್ಚಿಮ ಗ್ಯಾಲರಿಯಲ್ಲಿ ತೊಂಬತ್ತು ನಿಮಿಷವೂ ನಿಂತೇ ಹಾಡುವ ವೆಸ್ಟ್ ಬ್ಲಾಕ್ ಬ್ಲೂಸ್ ಅಭಿಮಾನಿಗಳಿಗೆ ಆತ ತಮ್ಮ ಮನೆಯವನಂತೆ ಆಗಿದ್ದ.

ಮಾಲೀಕರ ವಾದವೂ ಸಣ್ಣದಲ್ಲ, ಅದನ್ನು ಪ್ರಾಮಾಣಿಕವಾಗಿ ಹೇಳಬೇಕು. ವೆನೆಜುವೆಲಾದ ಮಿಕು 2017–18ರಲ್ಲಿ ಸೂಪರ್ ಲೀಗ್‌ನಲ್ಲಿ 15 ಗೋಲು ಹೊಡೆದರು, ಅದೇ ಋತುವಿನಲ್ಲಿ ಛೆಟ್ರಿ ಹೊಡೆದದ್ದು 14. ಭುವನೇಶ್ವರದಲ್ಲಿ ಸೂಪರ್ ಕಪ್ ಸೆಮಿಫೈನಲ್‌ನಲ್ಲಿ ಮೋಹನ್ ಬಾಗಾನ್ ಒಂದು ಗೋಲು ಮುಂದಿದ್ದಾಗ ನಮ್ಮವರು ರೆಡ್ ಕಾರ್ಡ್‌ನಿಂದಾಗಿ ಹತ್ತೇ ಜನರಾದರು. ಆ ಮೇಲೆ ಮಿಕು ಒಬ್ಬರೇ ಮೂರು ಗೋಲು ಹೊಡೆದು ಪಂದ್ಯವನ್ನು ತಿರುಗಿಸಿದರು. ಮಾಲೀಕರು ಈ ಪಂದ್ಯವನ್ನು ಹೇಳುವಾಗ ಕತ್ತರಿಯನ್ನು ಕೆಳಗಿಟ್ಟು, ಮೇಜಿನ ಮೇಲಿದ್ದ ಗುಂಡಿಗಳನ್ನೇ ಆಟಗಾರರನ್ನಾಗಿ ಜೋಡಿಸಿ, ಯಾರು ಎಲ್ಲಿದ್ದರು ಎಂದು ತೋರಿಸಿದರು. ಅವರಿಗೆ ಆಟ ಗೊತ್ತಿದೆ. ಒಂದೇ ಋತುವಿನ ಎತ್ತರವನ್ನು ಅಳೆದರೆ ಮಿಕು ಎರಡನೆಯವರೇ ಆಗುತ್ತಾರೆ. ಆದರೆ ಇದು ತಂಡದ ಇತಿಹಾಸದ ಪಟ್ಟಿ. ಆ ಆಟಗಾರ ಇಲ್ಲದಿದ್ದರೆ ತಂಡ ಏನಾಗಿರುತ್ತಿತ್ತು ಎಂದು ಕೇಳಿಕೊಂಡೇ ಸ್ಥಾನ ಕೊಡಬೇಕು. ಎರಡು ಋತುಗಳ ಮಿಕು ಅವರನ್ನು ನಾನು ನಾಲ್ಕನೆಯ ಸ್ಥಾನದಲ್ಲಿಟ್ಟೆ. ಮೂರನೆಯದು ಗುರ್‌ಪ್ರೀತ್ ಅವರದು. ನಾರ್ವೆಯ ಸ್ಟಾಬೆಕ್ ಕ್ಲಬ್‌ನಿಂದ ಬಂದು, 2018–19 ಮತ್ತು 2019–20ರಲ್ಲಿ ಸತತ ಎರಡು ವರ್ಷ ಲೀಗ್‌ನ ಅತ್ಯುತ್ತಮ ಗೋಲ್‌ಕೀಪರ್‌ಗೆ ಸಲ್ಲುವ ಗೋಲ್ಡನ್ ಗ್ಲೌ ಪಡೆದ ಅವರ ವಿಷಯದಲ್ಲಿ ಗೋಡೆಗೂ ನನಗೂ ಭೇದವಿಲ್ಲ.

ಲಿಂಗ್ಡೋ ಅವರ ಹೆಸರು ಇಲ್ಲದಿರುವುದು ನನಗೆ ನಿಜವಾಗಿ ನೋವು ತಂದಿತು. ಶಿಲ್ಲಾಂಗ್‌ನ ಈ ಮಿಡ್‌ಫೀಲ್ಡರ್ 2014ರಲ್ಲಿ ಬಂದು, ಮರುವರ್ಷವೇ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ವರ್ಷದ ಆಟಗಾರ ಪ್ರಶಸ್ತಿ ಪಡೆದರು. 2015ರ ಸೂಪರ್ ಲೀಗ್ ಹರಾಜಿನಲ್ಲಿ ಅವರ ಬೆಲೆ 1.05 ಕೋಟಿ ರೂಪಾಯಿ ಮುಟ್ಟಿತ್ತು. 2016ರ ಏಪ್ರಿಲ್‌ನಲ್ಲಿ ಕಂಠೀರವದಲ್ಲಿ ಸಾಲ್ಗಾಂವ್‌ಕರ್ ತಂಡವನ್ನು 2–0ಯಿಂದ ಸೋಲಿಸಿ ಎರಡನೆಯ ಐ-ಲೀಗ್ ಗೆದ್ದ ದಿನ ಮೊದಲ ಗೋಲು ಅವರದೇ. ಚೆಂಡು ಕಾಲಿಗೆ ಬಂದಾಗ ಆತುರಪಡದೆ ಒಂದು ಕ್ಷಣ ಹಿಡಿದಿಟ್ಟುಕೊಂಡು, ಓಡುವವನು ಓಡಿದ ಮೇಲೆಯೇ ಬಿಟ್ಟುಕೊಡುವ ಆ ಗುಣವನ್ನು ಮುಂದೆ ಡಿಮಾಸ್ ಅವರಲ್ಲಿ ಎಲ್ಲರೂ ಮೆಚ್ಚಿದರು. ಅದನ್ನು ಈ ಅಂಗಳಕ್ಕೆ ಮೊದಲು ತಂದವರು ಲಿಂಗ್ಡೋ. ನನ್ನ ಪಟ್ಟಿಯಲ್ಲಿ ಅವರು ಐದನೆಯವರು, ಡಿಮಾಸ್ ಆರನೆಯವರು.

ಉಳಿದವರ ವಿಷಯದಲ್ಲಿ ಬೇಗ ಒಪ್ಪಂದವಾಯಿತು. ವಿನೀತ್ 2017ರ ಮೇ ತಿಂಗಳಲ್ಲಿ ಕಟಕ್‌ನಲ್ಲಿ ಫೆಡರೇಷನ್ ಕಪ್ ಫೈನಲ್‌ನ ಹೆಚ್ಚುವರಿ ಸಮಯದಲ್ಲಿ ಮೋಹನ್ ಬಾಗಾನ್ ವಿರುದ್ಧ ಹೊಡೆದ ಎರಡು ಗೋಲುಗಳಿಗೆ ಪಟ್ಟಿಯಲ್ಲಿರಬೇಕು. ಭೇಕೆ 2019ರ ಮಾರ್ಚ್ 17ರಂದು ಮುಂಬೈನಲ್ಲಿ, ಸೂಪರ್ ಲೀಗ್ ಫೈನಲ್‌ನ 117ನೆಯ ನಿಮಿಷದಲ್ಲಿ, ಡಿಮಾಸ್ ಒದ್ದ ಕಾರ್ನರ್‌ಗೆ ತಲೆ ಕೊಟ್ಟು ಗೋವಾ ತಂಡವನ್ನು ಸೋಲಿಸಿದ ಒಂದೇ ಗೋಲಿಗಾಗಿಯಾದರೂ ಇರಬೇಕು. ಉದಾಂತ 2014ರಿಂದ 2023ರವರೆಗೆ ಬಲ ಅಂಚಿನಲ್ಲಿ ಓಡಿದ ಓಟವನ್ನು ಯಾರೂ ಅಲ್ಲಗಳೆಯಲಾರರು, ಐದನೆಯ ಸ್ಥಾನ ಮಾತ್ರ ಸ್ವಲ್ಪ ಹೆಚ್ಚಾಯಿತು. ನಮಗೆ ಹನ್ನೆರಡನೆಯ ಹೆಸರೊಂದು ಬೇಕಿತ್ತು. ಮೋಹನ್ ಬಾಗಾನ್ ವಿರುದ್ಧದ ಆ ಮೊದಲ ಐ-ಲೀಗ್ ಪಂದ್ಯದಲ್ಲಿ ಗೋಲು ಹೊಡೆದ ಆಸ್ಟ್ರೇಲಿಯಾದ ಷಾನ್ ರೂನಿ ಅವರ ಹೆಸರನ್ನು ಹಾಕಿಸಿದೆವು. ಮ್ಯಾಂಚೆಸ್ಟರ್ ಯುನೈಟೆಡ್‌ನ ರೂನಿ ಬೇರೆ ಎಂದು ಈಗ ಮೈದಾನದಲ್ಲಿ ಪ್ರತಿ ವಾರವೂ ಯಾರಿಗಾದರೂ ವಿವರಿಸಬೇಕಾಗುತ್ತದೆ. ಆ ನೆಪದಲ್ಲಿ ಈ ರೂನಿಯ ಕಥೆ ನಾಲ್ಕು ಜನರಿಗೆ ತಿಳಿಯುತ್ತಿದೆ.

ಇನ್ನು ಅಂಗಿಗಳ ಮಾತು. ಬಟ್ಟೆ ಹಗುರವಾದ, ಸಣ್ಣ ರಂಧ್ರಗಳಿರುವ ಪಾಲಿಯೆಸ್ಟರ್. ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರಿನಲ್ಲಿ ಆಟದ ಬಟ್ಟೆ ತಿರುಪ್ಪೂರಿನಿಂದ ಬರುತ್ತದೆ ಎಂದು ಕೇಳಿದಾಗ ಮನಸ್ಸಿಗೆ ಚುರುಕ್ಕೆಂದಿತು. ಆದರೆ ಬೆವರು ಹೀರಿ ಭಾರವಾಗುವ ಹತ್ತಿ ಅಂಗಿಯಲ್ಲಿ ತೊಂಬತ್ತು ನಿಮಿಷ ಓಡುವುದು ಕಷ್ಟವೆಂಬುದೂ ನಿಜ. ಏಪ್ರಿಲ್‌ನ ಬಿಸಿಲಿನಲ್ಲಿ ಬೆಳಿಗ್ಗೆ ಎಂಟೂವರೆಗೆ ಆಟ ಮುಗಿಸಿದಾಗ ನಮ್ಮ ಅಂಗಿಗಳು ಬೆನ್ನಿಗೆ ಅಂಟಿಕೊಂಡಿರಲಿಲ್ಲ. ಹೊಲಿಗೆ ಗಟ್ಟಿಯಾಗಿದೆ. ಕಂಕುಳ ಬಳಿ ಎರಡು ಸಾಲು ಹೊಲಿಗೆ ಹಾಕಿದ್ದಾರೆ. ಕೊರಳಪಟ್ಟಿ ಮಾತ್ರ ಸ್ವಲ್ಪ ಬಿಗಿ. ದಪ್ಪ ಕುತ್ತಿಗೆಯವರು ಒಂದು ಅಳತೆ ದೊಡ್ಡದನ್ನು ಹೇಳುವುದು ಒಳ್ಳೆಯದು. ನೀಲಿ ಬಣ್ಣ ಹನ್ನೊಂದು ಒಗೆತಗಳ ನಂತರವೂ ಮಾಸಿಲ್ಲ.

ನಾನು ಹೆಚ್ಚು ಹೊತ್ತು ನೋಡುತ್ತ ನಿಂತದ್ದು ಅಕ್ಷರಗಳ ಕೆಲಸವನ್ನು. ಹೆಸರನ್ನು ಕಂಪ್ಯೂಟರ್‌ನಲ್ಲಿ ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿ ಬರೆದು, ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಿ, ತೆಳುವಾದ ಬಿಳಿ ವಿನೈಲ್ ಹಾಳೆಯ ಮೇಲೆ ಕತ್ತರಿಸುವ ಯಂತ್ರಕ್ಕೆ ಕಳಿಸುತ್ತಾರೆ. ಯಂತ್ರದ ಮೊನಚಾದ ಅಲಗು ಅಕ್ಷರದ ಅಂಚನ್ನು ಮಾತ್ರ ಕೊರೆಯುತ್ತದೆ. ಅಕ್ಷರದ ಸುತ್ತಲಿನ ಬೇಡವಾದ ಭಾಗವನ್ನು ಸೂಜಿಯಂತಹ ಕೊಕ್ಕೆಯಿಂದ ಕೈಯಲ್ಲೇ ಎಬ್ಬಿಸಿ ತೆಗೆಯಬೇಕು. ಆಮೇಲೆ ಅಂಗಿಯ ಮೇಲಿಟ್ಟು, ನೂರೈವತ್ತು ಡಿಗ್ರಿಯ ಆಸುಪಾಸಿನಲ್ಲಿ ಹದಿನೈದು ಸೆಕೆಂಡು ಒತ್ತಿ, ಮೇಲಿನ ಪಾರದರ್ಶಕ ಹಾಳೆಯನ್ನು ಸುಲಿಯುತ್ತಾರೆ. ಇಂಗ್ಲಿಷ್ ಅಕ್ಷರಗಳಿಗೆ ಇದು ಐದು ನಿಮಿಷದ ಕೆಲಸ. ಕನ್ನಡದಲ್ಲಿ ಒತ್ತಕ್ಷರ ಬಂದಾಗ ಕಷ್ಟ ಆರಂಭವಾಗುತ್ತದೆ. ‘ಮಿಕು’ ಎಂಬ ಹೆಸರಿನಲ್ಲಿ ಒಂದು ಗುಡಿಸು, ಒಂದು ಕೊಂಬು, ಅಷ್ಟಕ್ಕೇ ಮುಗಿಯಿತು. ‘ಛೆಟ್ರಿ’ಯಲ್ಲಿ ಟಕಾರದ ಕೆಳಗೆ ಕ್ರಾವಡಿ ಬಾಗಿ ಬರುತ್ತದೆ, ‘ಲಿಂಗ್ಡೋ’ದಲ್ಲಿ ಗಕಾರಕ್ಕೆ ಡಕಾರದ ಒತ್ತು, ‘ಜಾನ್ಸನ್’ನಲ್ಲಿ ನಕಾರಕ್ಕೆ ಸಕಾರದ ಒತ್ತು. ಮೇಲಿನ ಅಕ್ಷರವೂ ಕೆಳಗಿನ ಒತ್ತೂ ಕಂಪ್ಯೂಟರ್‌ಗೆ ಎರಡು ಬೇರೆ ಆಕೃತಿಗಳು. ಅವು ಒಂದರ ಮೇಲೊಂದು ಏರಿದ ಕಡೆ ಎರಡನ್ನೂ ಬೆಸೆದು ಒಂದೇ ಆಕೃತಿ ಮಾಡದಿದ್ದರೆ, ಅಲಗು ಅಕ್ಷರದ ಮೈಮೇಲೆಯೇ ಹಾದುಹೋಗಿ ಸಣ್ಣ ಚೂರೊಂದನ್ನು ಬೇರ್ಪಡಿಸಿಬಿಡುತ್ತದೆ. ಕನ್ನಡ ನಿಲ್ಲುವುದಿಲ್ಲ ಎಂದು ಬೇರೆಡೆ ಹೇಳಿದ್ದರ ಹಿಂದಿರುವ ಕಾರಣ ಇದೇ; ಬೆಸೆಯುವ ತಾಳ್ಮೆ ಇದ್ದರೆ ಕನ್ನಡ ಚೆನ್ನಾಗಿಯೇ ನಿಲ್ಲುತ್ತದೆ.

ನಮ್ಮ ಹನ್ನೆರಡರಲ್ಲಿ ಎರಡು ಅಂಗಿಗಳಲ್ಲಿ ಆ ತಾಳ್ಮೆ ತಪ್ಪಿತ್ತು. ಎರಡನೆಯ ಒಗೆತಕ್ಕೆ ನಮ್ಮ ಛೆಟ್ರಿಯ ಕ್ರಾವಡಿ ತುದಿಯಿಂದ ಏಳತೊಡಗಿತು. ಮೂರನೆಯದರಲ್ಲಿ ಪೂರ್ತಿ ಉದುರಿ, ನಾಯಕನ ಹೆಸರು ‘ಛೆಟಿ’ ಎಂದಾಯಿತು. ಗುರ್‌ಪ್ರೀತ್ ಅವರ ಹೆಸರಿನಲ್ಲಿ ದೀರ್ಘವೇ ಬಿದ್ದುಹೋಗಿತ್ತು, ಅದು ಅಚ್ಚಿನ ತಪ್ಪಲ್ಲ, ಬರವಣಿಗೆಯ ತಪ್ಪು. ನಾನು ಫೋನ್‌ನಿಂದ ಯೂನಿಕೋಡ್‌ನಲ್ಲಿ ಕಳಿಸಿದ ಪಟ್ಟಿ ಅವರ ಹಳೆಯ ವಿನ್ಯಾಸ ತಂತ್ರಾಂಶದಲ್ಲಿ ಚೆಲ್ಲಾಪಿಲ್ಲಿಯಾಗಿದ್ದರಿಂದ ಸಹಾಯಕ ಹುಡುಗ ಮತ್ತೆ ಕೈಯಿಂದ ಬೆರಳಚ್ಚು ಮಾಡಿದ್ದ. ಎರಡನ್ನೂ ಹಿಡಿದುಕೊಂಡು ಹೋದಾಗ ಮಾಲೀಕರು ವಾದ ಮಾಡಲಿಲ್ಲ, ಒಗೆದದ್ದು ಹೇಗೆ ಎಂದು ನಮ್ಮ ಮೇಲೆ ತಿರುಗಿಸಲೂ ಇಲ್ಲ. ಹಳೆಯ ಅಂಟು ಪೂರ್ತಿ ಬಿಡುವುದಿಲ್ಲ, ಮೇಲೆ ಹೊಸದನ್ನು ಒತ್ತಿದರೆ ನೆರಳು ಕಾಣುತ್ತದೆ ಎಂದು ಹೇಳಿ, ಎರಡು ಹೊಸ ಅಂಗಿಗಳನ್ನೇ ಹೊಲಿಸಿಕೊಟ್ಟರು, ಹಣ ತೆಗೆದುಕೊಳ್ಳಲಿಲ್ಲ. ಅದಕ್ಕೆ ಒಂಬತ್ತು ದಿನ ಹಿಡಿಯಿತು ಮತ್ತು ನಡುವೆ ಬಂದ ಭಾನುವಾರ ನಮ್ಮ ಗೋಲ್‌ಕೀಪರ್ ಹಳೆಯ ಅಂಗಿಯಲ್ಲೇ ನಿಲ್ಲಬೇಕಾಯಿತು. ಅಚ್ಚಿಗೆ ಹೋಗುವ ಮೊದಲು ಹೆಸರುಗಳ ಕರಡನ್ನು ಕಾಗದದ ಮೇಲೆ ತೆಗೆದು ಗಿರಾಕಿಯ ಸಹಿ ಪಡೆಯುವ ಪದ್ಧತಿ ಇದ್ದಿದ್ದರೆ ಈ ತಪ್ಪು ಅಂಗಿಯವರೆಗೆ ಬರುತ್ತಿರಲಿಲ್ಲ. ಇದನ್ನು ಅವರಿಗೂ ಹೇಳಿದ್ದೇನೆ.

ಬೆಲೆ ಒಂದು ಅಂಗಿಗೆ 420 ರೂಪಾಯಿ, ಕನ್ನಡ ಹೆಸರು ಮತ್ತು ಸಂಖ್ಯೆಗೆ ಇನ್ನೂ 110 ರೂಪಾಯಿ. ಇಂಗ್ಲಿಷ್ ಆದರೆ 80. ಈ ಮೂವತ್ತು ರೂಪಾಯಿಯ ವ್ಯತ್ಯಾಸದ ಬಗ್ಗೆ ನಮ್ಮ ತಂಡದ ಕೆಲವರು ಬೇಸರಪಟ್ಟರು. ಕೊಕ್ಕೆ ಹಿಡಿದು ಒಂದೊಂದು ಒತ್ತನ್ನೂ ಬಿಡಿಸುವ ಕೆಲಸವನ್ನು ಕಣ್ಣಾರೆ ನೋಡಿದ ನನಗೆ ಅದು ನ್ಯಾಯವಾಗಿಯೇ ಕಂಡಿತು. ಹನ್ನೆರಡು ಅಂಗಿಗಳಿಗೆ ಹತ್ತು ದಿನ ಎಂದು ಹೇಳಿ ಹದಿನಾಲ್ಕನೆಯ ದಿನ ಕೊಟ್ಟರು. ಮದುವೆ ಮತ್ತು ಟೂರ್ನಮೆಂಟುಗಳು ಒಟ್ಟಿಗೆ ಬರುವ ಬೇಸಿಗೆಯಲ್ಲಿ ಕನಿಷ್ಠ ಮೂರು ವಾರ ಮೊದಲು ಹೇಳುವುದು ಕ್ಷೇಮ.

ಇನ್ನೊಂದು ವಿಷಯವನ್ನು ಮೆಚ್ಚುಗೆಯಿಂದ ಬರೆಯಬೇಕು. ಅವರು ಕ್ಲಬ್‌ನ ಲಾಂಛನವನ್ನು ಅಚ್ಚು ಹಾಕುವುದಿಲ್ಲ. ಎದೆಯ ಮೇಲೆ ಅದೂ ಇರಲಿ ಎಂದು ನಮ್ಮ ಹುಡುಗನೊಬ್ಬ ಒತ್ತಾಯಿಸಿದಾಗ, ಅದು ಕ್ಲಬ್‌ನವರ ಸ್ವತ್ತು, ಬೇಕಿದ್ದರೆ ಅವರ ಅಧಿಕೃತ ಜೆರ್ಸಿಯನ್ನೇ ಕೊಳ್ಳಿ ಎಂದು ಸ್ಪಷ್ಟವಾಗಿ ಹೇಳಿದರು. ನಕಲಿ ಲಾಂಛನದ ಅಂಗಿಗಳು ಇನ್ನೂರೈವತ್ತಕ್ಕೆ ಸಿಗುವ ಮಾರುಕಟ್ಟೆಯಲ್ಲಿ ಒಬ್ಬ ಸಣ್ಣ ವ್ಯಾಪಾರಿ ಹೀಗೆ ನಿಲ್ಲುವುದು ಸುಲಭವಲ್ಲ. ನಮ್ಮ ಎದೆಯ ಮೇಲೆ ಬಡಾವಣೆಯ ಹೆಸರಷ್ಟೇ ಇದೆ. ಬೆನ್ನಿನ ಮೇಲೆ ಆಟಗಾರನ ಹೆಸರಿದೆ.

ಒಗೆಯುವ ಬಗ್ಗೆ ಅವರು ಚೀಟಿ ಕೊಡುವುದಿಲ್ಲ, ಬಾಯಲ್ಲಿ ಹೇಳುತ್ತಾರೆ: ಅಂಗಿಯನ್ನು ಒಳಮೈ ಹೊರಗೆ ತಿರುಗಿಸಬೇಕು, ತಣ್ಣೀರು ಬಳಸಬೇಕು, ಕಲ್ಲಿನ ಮೇಲೆ ಕುಕ್ಕಬಾರದು, ಅಕ್ಷರದ ಮೇಲೆ ಇಸ್ತ್ರಿ ಆಡಿಸಬಾರದು, ನೆರಳಿನಲ್ಲಿ ಒಣಗಿಸಬೇಕು, ಅಚ್ಚು ಹಾಕಿದ ಮೊದಲ ದಿನ ನೀರು ಮುಟ್ಟಿಸಲೇಬಾರದು. ಹೀಗೆ ನೋಡಿಕೊಂಡ ಹತ್ತು ಅಂಗಿಗಳಲ್ಲಿ ಈವರೆಗೆ ಒಂದು ಒತ್ತೂ ಎದ್ದಿಲ್ಲ.

ಬದಲಿ ಅಂಗಿಗಳನ್ನು ತರಲು ಹೋದ ದಿನ ಎಡಗೋಡೆಯನ್ನು ಮತ್ತೆ ನೋಡಿದೆ. ಮಿಕು ಇನ್ನೂ ಎರಡನೆಯ ಸ್ಥಾನದಲ್ಲೇ ಇದ್ದರು, ಅದನ್ನು ಮಾಲೀಕರು ಬಿಟ್ಟುಕೊಡಲು ಸಿದ್ಧರಿರಲಿಲ್ಲ. ಆದರೆ ಜಾನ್ಸನ್ ಏಳರಿಂದ ನಾಲ್ಕಕ್ಕೆ ಏರಿದ್ದರು. ಮಾರ್ಕರ್‌ನ ಹಳೆಯ ಅಂಕಿಗಳನ್ನು ಸುಣ್ಣದಿಂದ ಒರೆಸಿ ಹೊಸದಾಗಿ ಬರೆಯಲಾಗಿತ್ತು. ಹತ್ತನೆಯ ಮೊಳೆಯಲ್ಲಿ ಪಾರ್ಟಾಲು ಅವರ ಅಂಗಿಯ ಬದಲು ಹೊಸದೊಂದು ತೂಗುತ್ತಿತ್ತು, ಬೆನ್ನಿನ ಮೇಲೆ ‘ಲಿಂಗ್ಡೋ’. ನಾನು ಹತ್ತಿರ ಹೋಗಿ, ಗಕಾರದ ಕೆಳಗಿನ ಡಕಾರದ ಒತ್ತನ್ನು ಉಗುರಿನಿಂದ ಮೆಲ್ಲಗೆ ಮೀಟಿ ನೋಡಿದೆ. ಗಟ್ಟಿಯಾಗಿ ಕೂತಿತ್ತು. ಬಡಾವಣೆಯ ಮಕ್ಕಳಿಗಾಗಿ ಚಿಕ್ಕ ಅಳತೆಯ ಆರು ಅಂಗಿಗಳಿಗೆ ಅಂದೇ ಮುಂಗಡ ಕೊಟ್ಟೆ, ಹೆಸರುಗಳ ಕರಡನ್ನು ಕಾಗದದ ಮೇಲೆ ತೆಗೆಸಿ ಸಹಿ ಮಾಡಿದ ಮೇಲೆ.